ಗಾಡಿ ಮನೆಗೆ ಬರುವವರೆಗೆ

2019ರ ಮಾರ್ಚ್ ಎರಡನೇ ವಾರ. ಬೆಂಗಳೂರಿನಿಂದ ಬಂದ ಕೆಂಪು ಬಸ್ಸು ಮದ್ದೂರಿನಲ್ಲಿ ನನ್ನನ್ನು ಇಳಿಸಿದಾಗ ನನ್ನ ಬಳಿ ಇದ್ದದ್ದು ಒಂದು ಬೆನ್ನುಚೀಲ, ಒಂದು ಹೆಲ್ಮೆಟ್ಟು ಮತ್ತು ಒಂದು ಪ್ಲಾಸ್ಟಿಕ್ ಫೈಲು. ಏಳು ತಿಂಗಳ ಹಿಂದೆ ಇದೇ ಊರಿನಿಂದ ಹೊರಡುವಾಗ ಗೆಳೆಯರು ಬೈಕಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕಳಿಸಿದ್ದರು. ಹೆಲ್ಮೆಟ್ ಹಿಡಿದುಕೊಂಡು ಬಸ್ಸಿಳಿಯುವವನನ್ನು ನೋಡಿದರೆ ಯಾರಿಗಾದರೂ ಬರುವ ಪ್ರಶ್ನೆ ಒಂದೇ. ನಿಲ್ದಾಣದ ಎದುರಿನ ಟೀ ಅಂಗಡಿಯವರೇ ಮೊದಲು ಕೇಳಿದರು:

"ಏನ್ ಮಗ, ಗಾಡಿ ಎಲ್ಲಿ?"

"ಹಡಗಲ್ಲಿ ಬತ್ತಾ ಅದೆ ಅಣ್ಣ."

"ಮತ್ತೆ ನೀನು?"

"ನಾನು ವಿಮಾನದಲ್ಲಿ ಬಂದೆ."

ಅವರು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ಅಂಗಾರೆ ನೀನಿನ್ನೂ ಪೂರ್ತಿ ಬಂದಿಲ್ಲ ಅನ್ನು" ಅಂದರು.

ನಮ್ಮೂರು ಮದ್ದೂರಿನಿಂದ ಏಳೆಂಟು ಕಿಲೋಮೀಟರ್. ಮನೆ ಸೇರುವಷ್ಟರಲ್ಲಿ ಇನ್ನೂ ನಾಲ್ಕು ಜನ ಇದೇ ಪ್ರಶ್ನೆ ಕೇಳಿದರು. ವಾರ ಕಳೆಯುವುದರೊಳಗೆ ಊರು ಉತ್ತರವನ್ನೂ ತಾನೇ ತಯಾರು ಮಾಡಿಕೊಂಡಿತ್ತು. ಆಕ್ಸಿಡೆಂಟಾಗಿ ಅಲ್ಲೇ ಬಿಟ್ಟು ಬಂದವ್ನೆ ಅಂತ ಕೆಲವರು, ದುಡ್ಡು ಸಾಲದೆ ಮಾರ್ಕಂಡು ಟಿಕೆಟ್ ತಗಂಡವ್ನೆ ಅಂತ ಕೆಲವರು. ಅರಳಿಕಟ್ಟೆಯಲ್ಲಿ ಒಬ್ಬರು "ಆಫ್ರಿಕಾದಲ್ಲಿ ಅಡ ಮಡಗವ್ನಂತೆ" ಎಂದದ್ದು ನನ್ನ ಕಿವಿಗೂ ಬಿತ್ತು. ನಕ್ಕು ಸುಮ್ಮನಾದೆ. ಅಡ ಇದ್ದದ್ದು ನಿಜ, ಆದರೆ ಬೈಕಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷ ದುಡಿದು, ಕೆಲಸ ಬಿಟ್ಟು, ಉಳಿಸಿದ ದುಡ್ಡಿನಲ್ಲಿ ಆಫ್ರಿಕಾ ಸುತ್ತಲು ಹೊರಟಿದ್ದೆ. ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಮಂಡ್ಯ ಆರ್‌ಟಿಒ ನೋಂದಣಿ, ಕೆಎ 11. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಅದನ್ನು ಹಡಗಿಗೆ ಹಾಕಿಸಿ, ಕೀನ್ಯಾದ ಮೊಂಬಾಸಾದಲ್ಲಿ ಬಿಡಿಸಿಕೊಂಡೆ. ಅಲ್ಲಿಂದ ನೈರೋಬಿ, ತಾಂಜಾನಿಯಾ, ಮಲಾವಿ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾ ಹಾದು ಕೇಪ್‌ಟೌನ್. ಕೇಪ್‌ಟೌನಿನಿಂದ ಕರಾವಳಿ ಹಿಡಿದು ಡರ್ಬನ್. ಮೀಟರು ಹದಿನೆಂಟು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಸ್ವಾಹಿಲಿಯಲ್ಲಿ ಮೋಟರ್‌ಸೈಕಲ್ಲಿಗೆ ಪಿಕಿಪಿಕಿ ಅನ್ನುತ್ತಾರೆ, ಕಾರು ಬಂಡಿಗಳಿಗೆ ಗಾರಿ. ನಮ್ಮ ಗಾಡಿಯೇ ಅದು, ಹಿಂದಿಯವರ ಬಾಯಲ್ಲಿ ಸಮುದ್ರ ದಾಟಿ ಹೋಗಿ ಅಲ್ಲಿ ಗಾರಿಯಾಗಿದೆ. ಮೊಂಬಾಸಾದಲ್ಲಿ ಈ ಪದ ಮೊದಲ ಸಲ ಕಿವಿಗೆ ಬಿದ್ದಾಗ ಮದ್ದೂರಿನ ಯಾರೋ ಕರೆದಂತಾಗಿ ತಿರುಗಿ ನೋಡಿದ್ದೆ.

ಆನೆ, ಜಿರಾಫೆ, ಮರುಭೂಮಿಯ ಕಥೆಗಳನ್ನು ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ನಾನು ಹೇಳಹೊರಟಿರುವುದು ಸವಾರಿ ಮುಗಿದ ಮೇಲಿನ ಎರಡು ತಿಂಗಳ ಕಥೆ. ಅದರಲ್ಲಿ ಹೆಚ್ಚಿನದು ನಡೆದದ್ದು ಮದ್ದೂರು, ಮಂಡ್ಯ, ಮಳವಳ್ಳಿಗಳ ನಡುವೆಯೇ.

ಬೇರೆ ದೇಶಕ್ಕೆ ನಿಮ್ಮ ಗಾಡಿಯನ್ನು ಕೊಂಡೊಯ್ಯಬೇಕಾದರೆ ಎಷ್ಟೋ ಕಡೆ ಕಾರ್ನೆ ಎಂಬ ಒಂದು ಪುಸ್ತಕ ಬೇಕು. ಗಾಡಿಯ ಪಾಸ್‌ಪೋರ್ಟ್ ಅಂದುಕೊಳ್ಳಿ. ಅದರ ಪ್ರತಿ ಹಾಳೆಯಲ್ಲೂ ಮೂರು ತುಂಡುಗಳಿರುತ್ತವೆ. ದೇಶದೊಳಗೆ ಬರುವಾಗ ಕಸ್ಟಮ್ಸಿನವರು ಒಂದನ್ನು ಹರಿದಿಟ್ಟುಕೊಳ್ಳುತ್ತಾರೆ, ಹೊರಗೆ ಹೋಗುವಾಗ ಇನ್ನೊಂದನ್ನು. ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಅದರ ಮೇಲೆ ಬಂದ ಮುದ್ರೆ, ಹೋದ ಮುದ್ರೆ ಎರಡೂ ಬಿದ್ದಿರಬೇಕು. ಅರ್ಥ ಇಷ್ಟೇ: ಈ ಗಾಡಿಯನ್ನು ನಾನು ನಿಮ್ಮ ದೇಶದಲ್ಲಿ ಸುಂಕ ಕಟ್ಟದೆ ಮಾರುವುದಿಲ್ಲ, ತಂದ ಹಾಗೇ ವಾಪಸ್ ಒಯ್ಯುತ್ತೇನೆ. ಈ ಮಾತಿಗೆ ತಪ್ಪಿದರೆ ಸುಂಕವನ್ನು ಪುಸ್ತಕ ಕೊಟ್ಟ ಸಂಸ್ಥೆ ಕಟ್ಟಬೇಕಾಗುತ್ತದೆ. ಹಾಗಾಗಿ ಸಂಸ್ಥೆ ಮೊದಲೇ ನಿಮ್ಮಿಂದ ಖಾತರಿ ಕೇಳುತ್ತದೆ. ಪುಸ್ತಕದ ಆಯುಸ್ಸು ಒಂದು ವರ್ಷ.

ಕೆಲಸ ಬಿಟ್ಟವನಿಗೆ ಯಾವ ಬ್ಯಾಂಕು ಖಾತರಿ ಕೊಡುತ್ತದೆ? ಅಪ್ಪ ಕೊಟ್ಟರು. ಬೆಂಗಳೂರು–ಮೈಸೂರು ಹೆದ್ದಾರಿ ಅಗಲ ಮಾಡುವಾಗ ನಮ್ಮ ಜಮೀನಿನ ಒಂದು ತುಂಡು ಹೋಗಿತ್ತು. ಅದರ ಪರಿಹಾರದ ಹಣ ಮಂಡ್ಯದ ಒಂದು ಬ್ಯಾಂಕಿನಲ್ಲಿ ಅಪ್ಪನ ಹೆಸರಿನಲ್ಲಿ ಠೇವಣಿಯಾಗಿತ್ತು. ಆ ಠೇವಣಿಯನ್ನು ಹಿಡಿದಿಟ್ಟುಕೊಂಡು ಬ್ಯಾಂಕು ನನ್ನ ಬೈಕಿಗೆ ಗ್ಯಾರಂಟಿ ಬರೆದುಕೊಟ್ಟಿತು. ಸಹಿ ಹಾಕುವಾಗ ಅಪ್ಪ ಕೇಳಿದ್ದು ಒಂದೇ: "ಗಾಡಿ ವಾಪಸ್ ಬಂದ್ರೆ ದುಡ್ಡು ವಾಪಸ್, ಅಷ್ಟೆ ತಾನೆ?" ಅಷ್ಟೇ ಎಂದಿದ್ದೆ.

ಅಷ್ಟೇ ಆಗಿರಲಿಲ್ಲ. ದಾರಿಯಲ್ಲಿ ಒಂದು ದೇಶದಿಂದ ಹೊರಬೀಳುವಾಗ ಸಂಜೆಯಾಗಿತ್ತು, ಮಳೆ ಬರುವ ಹಾಗಿತ್ತು. ನನ್ನ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡೆ. ಗಾಡಿಯ ಪುಸ್ತಕದ ಮುದ್ರೆಗೆ ಇನ್ನೊಂದು ಕಿಟಕಿ, ಅಲ್ಲಿ ಉದ್ದದ ಸಾಲು. ಮುಂದಿನ ಊರು ಸೇರುವ ಅವಸರದಲ್ಲಿ ಆ ಸಾಲನ್ನು ಮರೆತೇ ಹೊರಟುಬಿಟ್ಟೆ. ಯಾವ ದೇಶ ಎಂಬುದು ಬೇಡ, ತಪ್ಪು ನನ್ನದೇ. ಅದು ಗೊತ್ತಾದದ್ದು ಮುನ್ನೂರು ಕಿಲೋಮೀಟರ್ ದಾಟಿದ ಮೇಲೆ. ಪುಸ್ತಕದಲ್ಲಿ ಆ ಹಾಳೆಯ ಮೂಲೆ ಖಾಲಿ ಉಳಿಯಿತು. ಆ ದೇಶದ ಲೆಕ್ಕದಲ್ಲಿ ನನ್ನ ಬೈಕು ಇನ್ನೂ ಅಲ್ಲೇ ಇದೆ! ಇದನ್ನು ಮನೆಗೆ ಫೋನ್ ಮಾಡಿದಾಗ ಹೇಳಲಿಲ್ಲ.

ಡರ್ಬನ್ ದಕ್ಷಿಣ ಆಫ್ರಿಕಾದ ದೊಡ್ಡ ಬಂದರು. ಕಬ್ಬಿನ ಗದ್ದೆಗಳಲ್ಲಿ ಕೂಲಿಗೆಂದು ಕರಾರು ಮಾಡಿಸಿಕೊಂಡ ಭಾರತೀಯರ ಮೊದಲ ಹಡಗು, ಟ್ರುರೊ, 1860ರ ನವೆಂಬರ್ 16ರಂದು ಮದ್ರಾಸಿನಿಂದ ಬಂದು ನಿಂತದ್ದು ಇಲ್ಲೇ. 1893ರಲ್ಲಿ ಮುಂಬೈಯಿಂದ ಹೊರಟ ಗಾಂಧಿ ಇಳಿದದ್ದೂ ಇಲ್ಲೇ. ಕಬ್ಬಿನ ಜಿಲ್ಲೆಯಿಂದ ಹೋದ ನನಗೆ ಡರ್ಬನ್ನಿನ ಉತ್ತರಕ್ಕೆ ರಸ್ತೆಯ ಎರಡೂ ಕಡೆ ಕಬ್ಬು ಕಂಡಾಗ ಒಂದು ಕ್ಷಣ ಮಂಡ್ಯವೇ ಅನಿಸಿತ್ತು. ಗೋಡೌನಿನಲ್ಲಿ ಬೈಕಿಗೆ ಪೆಟ್ಟಿಗೆ ಕಟ್ಟಿಕೊಟ್ಟ ಮುದುಕರ ಮುತ್ತಜ್ಜಿ ಕೂಡ ಹಾಗೆ ಮದ್ರಾಸಿನಿಂದ ಹಡಗು ಹತ್ತಿದವಳಂತೆ. ಅವರಿಗೆ ತಮಿಳು ಬರುತ್ತಿರಲಿಲ್ಲ. "ಅವಳಿಗೆ ವಾಪಸ್ ಟಿಕೆಟ್ ಸಿಗಲಿಲ್ಲ, ನಿನ್ನ ಗಾಡಿಗೆ ಸಿಕ್ಕಿದೆ" ಎಂದು ನಗುತ್ತಾ ಮೊಳೆ ಹೊಡೆದರು.

ಬೈಕನ್ನು ಸಮುದ್ರಕ್ಕೆ ಸಿದ್ಧ ಮಾಡುವುದು ಒಂದು ದಿನದ ಕೆಲಸ. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿಯಬೇಕು. ಬ್ಯಾಟರಿಯ ತಂತಿ ಬಿಚ್ಚಬೇಕು. ಪೂರ್ತಿ ಕಂಟೈನರ್ ಹಿಡಿಯುವ ಶಕ್ತಿ ನಮ್ಮಂಥವರಿಗಿಲ್ಲ. ಹತ್ತು ಜನರ ಸರಕಿನ ಜೊತೆ ಮೂಲೆಯಲ್ಲಿ ಜಾಗ ಕೊಡುತ್ತಾರೆ, ಬಾಡಿಗೆ ತೂಕಕ್ಕಲ್ಲ, ಪೆಟ್ಟಿಗೆ ಎಷ್ಟು ಘನ ಮೀಟರ್ ಆಗುತ್ತದೋ ಅದಕ್ಕೆ. ಹಾಗಾಗಿ ಮುಂದಿನ ಚಕ್ರ, ಹ್ಯಾಂಡಲ್, ಕನ್ನಡಿ, ಗಾಳಿತಡೆ ಎಲ್ಲ ಬಿಚ್ಚಿ ಬೈಕನ್ನು ಕುಗ್ಗಿಸಿದೆವು. ಪೆಟ್ಟಿಗೆಯ ಮರಕ್ಕೂ ಕಾನೂನಿದೆ. ಹುಳು ಹುಪ್ಪಟೆ ದೇಶ ದಾಟಬಾರದೆಂದು ಮರದ ತಿರುಳಿನವರೆಗೂ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟಿರಬೇಕು, ಇಲ್ಲವೇ ಔಷಧಿಯ ಹೊಗೆ ಹಾಕಿರಬೇಕು. ಹಾಗೆ ಮಾಡಿದ ಹಲಗೆಯ ಮೇಲೆ ಗೋಧಿ ತೆನೆಯಂಥ ಒಂದು ಗುರುತನ್ನು ಒತ್ತಿರುತ್ತಾರೆ. ಕೊನೆಯ ಹಲಗೆ ಮುಚ್ಚುವ ಮುಂಚೆ ಕೆಎ 11 ಎಂಬ ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಏಳು ತಿಂಗಳು ಅದರ ಮೇಲೇ ಇದ್ದೆ, ಒಂದು ರಾತ್ರಿಯೂ ಅದು ನನ್ನ ಕಣ್ಣಿನಿಂದ ದೂರ ಇರಲಿಲ್ಲ. ಮೊಳೆ ಬಿದ್ದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ.

ಅಲ್ಲೇ ಮಾರಿ ಬರಬಹುದಿತ್ತಲ್ಲ ಎಂದು ಊರಿನಲ್ಲಿ ತುಂಬ ಜನ ಕೇಳಿದರು. ಹಳೇ ಬೈಕಿಗೆ ಇಷ್ಟು ಖರ್ಚು ಯಾಕೆ ಎಂಬುದು ಅವರ ಲೆಕ್ಕ. ಕಾರ್ನೆ ಇದ್ದವನಿಗೆ ಆ ಲೆಕ್ಕವೇ ಇಲ್ಲ. ಗಾಡಿ ಊರಿಗೆ ಬರಬೇಕು, ಇಲ್ಲವೇ ಅಪ್ಪನ ಠೇವಣಿ ಹೋಗಬೇಕು.

ನಮ್ಮಪ್ಪ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಲೋಡು ಮಾಡಿಸುವವರು. ಸುತ್ತಲಿನ ತೋಟಗಳಿಂದ ಗೊನೆಗಳು ಟೆಂಪೋ, ಟ್ರಾಕ್ಟರು, ಟಿವಿಎಸ್ ಎಕ್ಸೆಲ್ಲುಗಳಲ್ಲಿ ಬಂದು ಬೀಳುತ್ತವೆ. ಅಲ್ಲಿಂದ ಲಾರಿಗಟ್ಟಲೆ ಮುಂಬೈಗೆ, ದೆಹಲಿಗೆ ಹೋಗುತ್ತವೆ. ಅಪ್ಪ ತಾವು ಮಾತ್ರ ಮುಂಬೈಗೆ ಒಂದೇ ಸಲ ಹೋದವರು, ಅದೂ ನಾನು ಹುಟ್ಟುವ ಮುಂಚೆ. ನಾನು ಬಂದ ಮೂರನೇ ದಿನ ಜಗುಲಿಯಲ್ಲಿ ಕೂತು ಪ್ಲಾಸ್ಟಿಕ್ ಫೈಲು ಬಿಚ್ಚಿದೆ. ಹಡಗು ಕಂಪನಿಯವರು ಕೊಟ್ಟ ಕಾಗದವನ್ನು ಅಪ್ಪ ಕೈಗೆ ತೆಗೆದುಕೊಂಡರು.

"ಇದು ಬಿಲ್ಟಿ ತಾನೆ?"

"ಹೂಂ, ಹಡಗಿನ ಬಿಲ್ಟಿ. ಬಿಲ್ ಆಫ್ ಲೇಡಿಂಗ್ ಅಂತಾರೆ."

"ಅಸಲಿ ಎಷ್ಟು ಕೊಟ್ಟವ್ರೆ?"

"ಮೂರು."

"ಮೂರೂ ನಿನ್ ತಾವೇ ಅದಾವಾ? ಯಾರ್ ಕೈಗೂ ಕೊಡ್ಬೇಡ. ಇದು ಯಾರ್ ಕೈಲಿರ್ತದೋ ಅವರ್ದೇ ಮಾಲು." ಆಮೇಲೆ ಪೆಟ್ಟಿಗೆಯ ವಿವರದ ಸಾಲಿನ ಮೇಲೆ ಬೆರಳಿಟ್ಟು ಓದಲು ಹೇಳಿದರು. ಒಂದು ಮರದ ಪೆಟ್ಟಿಗೆ, ಅದರೊಳಗೆ ಬಳಸಿದ ಮೋಟರ್‌ಸೈಕಲ್ ಒಂದು ಇದೆಯೆಂದು ಹೇಳಲಾಗಿದೆ ಎಂದು ಕನ್ನಡ ಮಾಡಿ ಹೇಳಿದೆ. ಅಪ್ಪ ನಕ್ಕರು. "ನಮ್ ಲಾರಿಯೋರೂ ಇಂಗೇ ಬರೆಯೋದು. ನೀನು ಹೇಳ್ದೆ, ನಾನು ಬರ್ಕಂಡೆ, ಒಳಗೆ ಏನದೆಯೋ ನಂಗೊತ್ತಿಲ್ಲ ಅಂತ. ಹಡಗಾದ್ರೇನು, ಲಾರಿಯಾದ್ರೇನು."

ನಾನು ಇಂಟರ್ನೆಟ್ಟಿನಲ್ಲಿ ವಾರಗಟ್ಟಲೆ ಓದಿ ಅರ್ಥ ಮಾಡಿಕೊಂಡದ್ದನ್ನು ಅಪ್ಪ ಐದು ನಿಮಿಷದಲ್ಲಿ ಓದಿ ಮುಗಿಸಿದ್ದರು. ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿದರು. ಮೂರ್ನಾಲ್ಕು ವಾರ ಅಂದವರೆ ಎಂದೆ. "ಲಾರಿ ಹತ್ತಿಸ್ಬುಟ್ರೆ ಲೋಡು ಮುಗೀತು ಅಂದ್ಕಳೋನು ಯಾಪಾರಿ ಅಲ್ಲ ಕಣ್ಲಾ. ಅಲ್ಲಿಂದ ಪೋನು ಬರ್ಬೇಕು, ಇಳೀತು ಅಂತ" ಎಂದು ಎದ್ದು ಹೋದರು. ಖಾಲಿ ಮುದ್ರೆಯ ವಿಷಯ ಆಗಲೂ ಹೇಳಲಾಗಲಿಲ್ಲ.

ಏಪ್ರಿಲ್ ಮೊದಲ ವಾರ ಮಂಡ್ಯದ ಕಾಲೇಜೊಂದರಲ್ಲಿ ಮಾತಾಡಲು ಕರೆದರು. ಇಡೀ ದೇಶದ ಟಿ.ವಿ. ಕ್ಯಾಮೆರಾಗಳು ಆಗ ಮಂಡ್ಯದ ಮೇಲಿದ್ದವು. 18ಕ್ಕೆ ಮತದಾನ, ಊರೂರಲ್ಲಿ ಅದೇ ಮಾತು. ಆ ಗದ್ದಲದ ನಡುವೆಯೂ ಸಭಾಂಗಣ ತುಂಬಿತ್ತು. ಹಿಂದಿನ ಬ್ಯಾನರಿನಲ್ಲಿ ದೊಡ್ಡದಾಗಿ 'ಒಂಟಿ ಪಯಣ' ಎಂದು ಬರೆಸಿದ್ದರು. ಹೆಸರು ನಾನೇ ಸೂಚಿಸಿದ್ದೆ. ಕೊನೆಯಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದು, "ಸರ್, ಒಟ್ಟು ಖರ್ಚೆಷ್ಟಾಯ್ತು? ಅದು ಎಲ್ಲಿಂದ ಬಂತು?" ಎಂದು ಕೇಳಿದಳು. ಹಡಗಿನ ಬಾಡಿಗೆ, ಪೆಟ್ರೋಲು, ಊಟ, ವೀಸಾ ಎಲ್ಲ ಬಾಯಿಪಾಠವಾಗಿತ್ತು, ಹೇಳಿದೆ. ಎಲ್ಲವೂ ನನ್ನ ಸ್ವಂತ ಉಳಿತಾಯ ಎಂದೆ. ಚಪ್ಪಾಳೆ ಬಿತ್ತು.

ಅದಾದ ಹತ್ತು ದಿನಕ್ಕೆ ಅದೇ ಮಂಡ್ಯಕ್ಕೆ ಮತ್ತೆ ಹೋಗಿದ್ದೆ, ಬ್ಯಾಂಕಿಗೆ. ಗಾಡಿ ಬಂದ ಮೇಲೆ ಠೇವಣಿ ಬಿಡಿಸಲು ಯಾವ ಯಾವ ಕಾಗದ ಬೇಕೆಂದು ಕೇಳಲು. ಮ್ಯಾನೇಜರು ಫೈಲು ತೆಗೆಸಿ ನೋಡಿ, "ಓ, ಇದಾ. ನಿಮ್ಮ ತಂದೆಯವರು ನವೆಂಬರ್‌ನಲ್ಲಿ ಬಂದಿದ್ದರಲ್ಲ, ಈ ಠೇವಣಿ ಮುರಿಸೋಕೆ ಆಗುತ್ತಾ ಅಂತ ಕೇಳೋಕೆ. ಗ್ಯಾರಂಟಿ ಇರೋವರೆಗೂ ಮುಟ್ಟೋ ಹಾಗಿಲ್ಲ ಅಂತ ಹೇಳಿ ಕಳಿಸಿದ್ದೆ" ಎಂದರು. ಸಹಜವಾಗಿ ಹೇಳಿದ ಮಾತು. ನನಗೆ ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಬೋರು ಕೈ ಕೊಡ್ತು ಕನಪ್ಪ. ತೆಂಗಿನ ಸುಳಿಯೆಲ್ಲ ಒಣಗೋಕೆ ಶುರುವಾಯ್ತು. ಹೊಸ ಬೋರು ಕೊರೆಸ್ಬೇಕಾಯ್ತು. ನಿಂಗೆ ಹೇಳ್ಬೇಡ ಅಂದಿದ್ರು. ನೀನು ಯಾವ ಕಾಡಲ್ಲಿದ್ಯೋ ಏನೋ, ಹೇಳಿದ್ರೆ ವಾಪಸ್ ಬಂದ್ಬುಡ್ತೀಯ ಅಂತ."

"ದುಡ್ಡು?"

"ನಿಮ್ ಮಾವನ ತಾವ ಈಸ್ಕಂಡ್ರು."

ಮಾರನೇ ದಿನ ಅಪ್ಪನ ಟಿವಿಎಸ್ ಎಕ್ಸೆಲ್ ತೆಗೆದುಕೊಂಡು ಮಳವಳ್ಳಿಗೆ ಹೊರಟೆ. ಎರಡು ಖಂಡಗಳ ರಸ್ತೆ ಕಂಡವನಿಗೆ ಮದ್ದೂರು–ಮಳವಳ್ಳಿಯ ಇಪ್ಪತ್ತೈದು ಕಿಲೋಮೀಟರ್ ಅಷ್ಟು ಉದ್ದ ಅನ್ನಿಸಿದ್ದು ಅದೇ ಮೊದಲು. ಮಾವ, ಅಂದರೆ ಅವ್ವನ ತಮ್ಮ, ಮಳವಳ್ಳಿಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದಾರೆ. "ಏನಳಿಯ, ಆಫ್ರಿಕಾ ಗಾಡಿ ಬುಟ್ಟು ಇದ್ರಲ್ಲಿ ಬಂದಿದ್ದೀಯ" ಎಂದು ಕೀಸುಳಿ ಪಕ್ಕಕ್ಕಿಟ್ಟರು. ಸಾಲದ ಮಾತೆತ್ತಿದೆ. ಅವರಿಗೆ ಮುಜುಗರವಾಯಿತು. "ಅದು ನಂಗೂ ನಿಮ್ಮಪ್ಪಂಗೂ ಸೇರಿದ್ದು, ನೀನ್ಯಾಕೆ ತಲೆಗಚ್ಚಿಕೊಂಡಿದ್ದೀಯ" ಎಂದರು. ಬಿಡದೆ ಕೇಳಿದ್ದಕ್ಕೆ ಗೊತ್ತಾಯಿತು, ಮಾವನ ಬಳಿಯೂ ಅಷ್ಟು ದುಡ್ಡಿರಲಿಲ್ಲ. ಅರ್ಧ ತಮ್ಮದು ಕೊಟ್ಟು, ಉಳಿದರ್ಧ ಬೇರೆಯವರಿಂದ ಬಡ್ಡಿಗೆ ತಂದು ಕೊಟ್ಟಿದ್ದರು.

ಮಾತು ಬದಲಿಸಲೋ ಏನೋ, ಮಾವ ಪೆಟ್ಟಿಗೆಯ ಬಗ್ಗೆ ಕೇಳಿದರು. ಯಾವ ಮರ, ಎಷ್ಟು ದಪ್ಪ, ಮೊಳೆಯೋ ಸ್ಕ್ರೂವೋ. ಆಮೇಲೆ ಅವರೇ ಒಂದು ಕಥೆ ಹೇಳಿದರು. ಶಿವನಸಮುದ್ರದ ಕರೆಂಟಿನ ಮಿಷಿನ್ನುಗಳು ಪರದೇಶದಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಮದ್ದೂರು ಸ್ಟೇಷನ್ನಿಗೆ ಇಳಿದು, ಅಲ್ಲಿಂದ ಎತ್ತು, ಆನೆ ಕಟ್ಟಿ ಇದೇ ರಸ್ತೆಯಲ್ಲಿ ಎಳೆದುಕೊಂಡು ಹೋದರೆಂದು ಅವರ ತಾತ ಹೇಳುತ್ತಿದ್ದರಂತೆ. ಯಂತ್ರಗಳ ಊರು ಯಾವುದೆಂದು ನನಗೆ ಓದಿ ಗೊತ್ತಿತ್ತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. 1902ರಲ್ಲಿ ಅಲ್ಲಿನ ವಿದ್ಯುತ್ತು 92 ಮೈಲಿ, ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಯೋಜನೆಗೆ ಟೊಂಕ ಕಟ್ಟಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಎಳ್ದೋರ ಮನೇಲಿ ದೀಪ ಹತ್ತಿದ್ದು ಯಾವಾಗ, ಅದನ್ನ ಬರ್ದವ್ರಾ?" ಎಂದರು.

ಆ ಮಾತನ್ನು ಅವರು ನನಗೆಂದು ಆಡಿದ್ದಲ್ಲ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಆ ರಾತ್ರಿ ಅಪ್ಪನಿಗೆ ಖಾಲಿ ಮುದ್ರೆಯ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಇಷ್ಟ್ ದಿನ ಒಬ್ನೇ ಮಡೀಕಂಡಿದ್ಯಾ?" ಎಂದಷ್ಟೇ ಕೇಳಿದರು. ಅವರು ಒಬ್ಬರೇ ಇಟ್ಟುಕೊಂಡದ್ದನ್ನು ನಾನೂ ಕೇಳಲಿಲ್ಲ.

ಪೆಟ್ಟಿಗೆ ಮುಂಬೈ ತಲುಪಿದ ಸುದ್ದಿ ಬಂದದ್ದು ಏಳು ವಾರಕ್ಕೆ, ಮೇ ಮೊದಲಲ್ಲಿ. ಇನ್ನೊಂದು ಬಂದರಿನಲ್ಲಿ ಹಡಗು ಬದಲಾಯಿಸಲು ಕಾದು ಕೂತಿತ್ತಂತೆ. ನನ್ನ ಕನಸು ಬೇರೆ ಇತ್ತು. ಮುಂಬೈಯಲ್ಲಿ ಬೈಕು ಜೋಡಿಸಿ, ಓಡಿಸಿಕೊಂಡೇ ಬಂದು ಮದ್ದೂರಿನ ಟೀ ಅಂಗಡಿ ಮುಂದೆ ನಿಲ್ಲಿಸುವುದು. ಆದರೆ ಜನವರಿಯಲ್ಲೇ ಬೈಕಿನ ಇನ್ಶೂರೆನ್ಸ್ ಮುಗಿದಿತ್ತು, ಟೈರು ಸವೆದು ಬೋಳಾಗಿದ್ದವು. ಅಪ್ಪ ಯೋಚನೆ ಮಾಡಿ, "ಮಂಗಳವಾರ ನಮ್ದೊಂದು ಲೋಡು ವಾಶಿಗೆ ಹೋಯ್ತಾ ಅದೆ. ವಾಪಸ್ ಖಾಲಿ ಬತ್ತದೆ. ನಾನೂ ಬತ್ತೀನಿ" ಎಂದರು. ನಾನು ಮೊದಲೇ ರೈಲಿನಲ್ಲಿ ಹೋದೆ.

ಬಂದರಿನ ಗೋಡೌನಿನಲ್ಲಿ ಎರಡು ದಿನ ಹೋಯಿತು. ಈ ವ್ಯವಹಾರದ ಗುಟ್ಟು ಆಗ ಗೊತ್ತಾಯಿತು. ಸಮುದ್ರ ದಾಟಿಸಿದ್ದಕ್ಕಿಂತ, ಹಡಗಿನಿಂದ ಇಳಿಸಿ ಗೋಡೌನಿನ ಬಾಗಿಲಿಗೆ ತಂದದ್ದಕ್ಕೇ ಹೆಚ್ಚು ದುಡ್ಡು. ಕೆಲವು ದಿನ ಪುಕ್ಕಟೆ, ಆಮೇಲೆ ದಿನಕ್ಕಿಷ್ಟೆಂದು ಬಾಡಿಗೆ ಏರುತ್ತಲೇ ಹೋಗುತ್ತದೆ. ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿ, ಪುಸ್ತಕದ ಜೊತೆ ಒಂದೊಂದೇ ಅಂಕಿ ಹೋಲಿಸಿದರು. ಖಾಲಿ ಮೂಲೆ ಅವರ ಕಣ್ಣಿಗೂ ಬಿತ್ತು. ಮುಂದಿನ ದೇಶದ ಒಳಬಂದ ಮುದ್ರೆಯಲ್ಲಿ ಅದೇ ದಿನದ ತಾರೀಖಿತ್ತು, ಅದನ್ನು ತೋರಿಸಿದೆ. ಅದು ಸಹಾಯಕ್ಕೆ ಬಂದೀತು, ಆದರೆ ದೊಡ್ಡ ಸಾಕ್ಷಿ ಗಾಡಿಯೇ, ಅದು ಈಗ ಭಾರತದಲ್ಲಿ ನಮ್ಮ ಕಣ್ಣ ಮುಂದೆ ಇದೆ ಎಂದು ಬರೆದುಕೊಟ್ಟರೆ ಮುಗಿಯಿತು ಎಂದರು. ಅದಕ್ಕೆಂದೇ ಒಂದು ನಮೂನೆಯಿದೆ. ಅವರು ಸಹಿ ಹಾಕಿ ಮುದ್ರೆ ಒತ್ತಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಪುಸ್ತಕವನ್ನೂ ಆ ಕಾಗದವನ್ನೂ ಮುಂಬೈಯಲ್ಲೇ ಇದ್ದ ಸಂಸ್ಥೆಗೆ ಕೊಟ್ಟು ರಸೀದಿ ಪಡೆದೆ.

ಅಪ್ಪ ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಿದ್ದರು. ಎರಡು ರಾತ್ರಿ ಲಾರಿಯಲ್ಲಿ ಕೂತು ಬಂದಿದ್ದರು. ಪೆಟ್ಟಿಗೆ ಹೊರಗೆ ಬಂದಾಗ ಸುತ್ತಲೂ ಒಂದು ಸುತ್ತು ಹಾಕಿ, ಬೆಲ್ಟುಗಳನ್ನು ಎಳೆದು ನೋಡಿ, "ಕಟ್ಟಿರೋನು ಕೆಲಸಗಾರ" ಎಂದರು. ಡರ್ಬನ್ನಿನ ಮುದುಕರಿಗೆ ಆ ಮಾತು ಮುಟ್ಟಿಸಬೇಕು ಅನ್ನಿಸಿತು. ಎಳನೀರು ಇಳಿಸಿದ ಲಾರಿಯಲ್ಲಿ ಹುಲ್ಲು ಹಾಸಿ ಪೆಟ್ಟಿಗೆ ಇಟ್ಟೆವು. ಹಗ್ಗದ ಗಂಟನ್ನು ಅಪ್ಪನೇ ಹಾಕಿದರು, ಯಾರಿಗೂ ಬಿಡಲಿಲ್ಲ.

ಪುಣೆ, ಕೊಲ್ಹಾಪುರ, ಹುಬ್ಬಳ್ಳಿ. ರಾತ್ರಿ ದಾವಣಗೆರೆ ದಾಟಿದ ಮೇಲೆ ಡ್ರೈವರಿಗೆ ನಿದ್ದೆ ಬಾರದಿರಲೆಂದು ಅಪ್ಪ ಮಾತಾಡುತ್ತಲೇ ಇದ್ದರು. ಹಳೆಯ ಲೋಡುಗಳ ಕಥೆ. ಒಂದು ವರ್ಷ ಲಾರಿ ದಾರಿಯಲ್ಲಿ ಕೆಟ್ಟು ನಿಂತು ಆರು ದಿನ ತಡವಾಗಿ ಇಡೀ ಲೋಡು ಹಾಳಾದದ್ದು, ಆ ವರ್ಷ ನನ್ನ ಶಾಲೆಯ ಫೀಸಿಗೆ ಅವ್ವನ ಓಲೆ ಹೋದದ್ದು. ನನಗೆ ಅದೂ ಗೊತ್ತಿರಲಿಲ್ಲ. ನಡುವೆ ನನ್ನ ಕಡೆ ತಿರುಗಿ, "ಪೇಪರ್‌ನಾಗೆ ಹಾಕಿದ್ರಲ್ಲ, ಒಬ್ನೇ ಹೋಗಿ ಬಂದ ಅಂತ" ಎಂದರು.

"ಹೂಂ."

"ಒಬ್ನೇ ಯಾರ್ಲಾ ಹೋಯ್ತರೆ? ಲೋಡು ಕಳಿಸ್ದೋನು ಊರಲ್ಲಿ ಮಲಗಿದ್ರೂ ಲಾರಿ ಜೊತೇಲೆ ಹೋಯ್ತಿರ್ತನೆ. ಅದು ಇಳಿಯೋಗಂಟ ಅವನ್ಗೆ ನಿದ್ದೆ ಇಲ್ಲ."

ಡ್ರೈವರು ಹೌದೌದು ಎಂದು ತಲೆಯಾಡಿಸಿದ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ತುಮಕೂರು, ಕುಣಿಗಲ್, ಹುಲಿಯೂರುದುರ್ಗದ ದಾರಿಯಲ್ಲಿ ಬೆಳಕು ಹರಿಯಿತು. ಮದ್ದೂರಿನ ಟೀ ಅಂಗಡಿಯವರು ಲಾರಿಯ ಹಿಂದೆ ಬಗ್ಗಿ ನೋಡಿ, ಹಾರ ತುರಾಯಿ ಏನೂ ಇಲ್ಲದೆ ಮರದ ಪೆಟ್ಟಿಗೆಯಲ್ಲಿ ಮಲಗಿದ್ದ ಗಾಡಿಯನ್ನು ಕಂಡು, "ಇಂಗೆ ಬಂತಾ!" ಎಂದರು.

ಜುಲೈಯಲ್ಲಿ ಗ್ಯಾರಂಟಿ ಬಿಡುಗಡೆಯಾಯಿತು. ಅಪ್ಪ ಠೇವಣಿ ಮುರಿಸಿ ಮಾವನ ಅಸಲು ತೀರಿಸಿದರು. ಬಡ್ಡಿ ನನ್ನ ಪಾಲಿಗೆ ಬಂತು. ಮತ್ತೆ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಕಟ್ಟಿದೆ. ಮಾವ ಮೊದಲ ಕಂತು ತೆಗೆದುಕೊಳ್ಳಲು ಒಪ್ಪದೆ ಜಗಳವೇ ಆಗಿತ್ತು. ಪೆಟ್ಟಿಗೆಯ ಹಲಗೆಗಳು ಒಳ್ಳೆಯವು, ಸುಡಬಾರದು ಎಂದು ಮಾವ ಮಳವಳ್ಳಿಗೆ ಒಯ್ದು, ಹೊಸ ಬೋರಿನ ಮೋಟರ್ ಗೂಡಿಗೆ ಒಂದು ಬಾಗಿಲು ಮಾಡಿಕೊಟ್ಟರು. ಗೋಧಿ ತೆನೆಯ ಗುರುತು ಹೊರಮುಖಕ್ಕೇ ಬಂದಿದೆ. "ನಮ್ ತೆಂಗಿನ ತೋಟಕ್ಕೆ ಗೋಧಿ ಬಾಗ್ಲು" ಎಂದು ಅವ್ವ ಈಗಲೂ ನಗುತ್ತಾಳೆ.

ಈಚೆಗೆ ಅದೇ ಕಾಲೇಜಿನವರು ಮತ್ತೆ ಕರೆದಿದ್ದರು. ಬ್ಯಾನರಿಗೆ ಬೇರೆ ಹೆಸರು ಕೊಟ್ಟೆ. ಆ ಹುಡುಗಿ ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದಳು, ಆದರೆ ಖರ್ಚಿನ ಪ್ರಶ್ನೆಯನ್ನು ಈ ಸಲವೂ ಒಬ್ಬ ಕೇಳಿದ. ಹಡಗಿನ ಬಾಡಿಗೆ, ಪೆಟ್ರೋಲು, ಊಟ, ವೀಸಾ ಹೇಳಿದೆ. ಆಮೇಲೆ, ರಸ್ತೆಗೆ ಹೋದ ಒಂದು ತುಂಡು ಜಮೀನಿನ ದುಡ್ಡು ಒಂದು ವರ್ಷ ಅಡ, ಒಂದು ಬೋರ್‌ವೆಲ್ಲಿನ ಬಡ್ಡಿ, ಮತ್ತು ಇಬ್ಬರ ನಿದ್ದೆ ಎಂದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಕೇಳಿದ ಹುಡುಗ ಕೂರದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.